ಬೆಳಕಿಂಡಿ ಮುಚ್ಚಿದ ಮೇಲೆ

ನಾಲ್ಕು ದಿನದಿಂದ ನೀಲವ್ವ ಎದ್ದ ಕೂಡಲೇ ಒಂದೇ ಪ್ರಶ್ನೆ ಕೇಳುತ್ತಿದ್ದಳು: "ನಮ್ಮನಿಯವರು ಹೆಂಗದಾರ?"

ಮನೆಯ ಸುದ್ದಿಯಾಳೂ ಒಂದೇ ಉತ್ತರ ಕೊಡುತ್ತಿತ್ತು: "ಆಪರೇಷನ್ ಆಗೇತ್ರಿ. ಇನ್ನೂ ಎಚ್ಚರ ಆಗಿಲ್ಲ."

ಊರಿನ ಪ್ರತಿ ಮನೆಯಲ್ಲೂ ಅಂಥದ್ದೊಂದು ದನಿ ಇತ್ತು. ತಂದ ಸುದ್ದಿಯನ್ನು ಗೋಡೆಯ ಮಾಡದಲ್ಲಿಟ್ಟುಕೊಂಡು, ಕೇಳಿದಾಗ ತೆಗೆದುಕೊಡುವುದು ಅದರ ಕೆಲಸ. ಆಸ್ಪತ್ರೆಯೊಳಗೆ ಮನೆಯವರನ್ನು ಬಿಡುವ ಪದ್ಧತಿ ಇರಲಿಲ್ಲ. ಒಳಗೆ ಹೋಗಿಬರುವವು ಈ ಆಳುಗಳೇ.

ಉಪ್ಪು ಕೇಳಲು ಬಂದ ಪಕ್ಕದ ಮನೆಯ ರಾಜಬೀ ನೀಲವ್ವನ ಊದಿದ ಕಣ್ಣು ನೋಡಿದಳು, ಆ ಉತ್ತರವನ್ನೂ ಕೇಳಿದಳು.

"ಅಕ್ಕಾ, ಇದಿನ್ನೂ ಹಳೇ ಆಳ ಐತಲ್ಲ. ಸೋಮವಾರ ಎಲ್ಲಾರ ಮನಿಗೂ ಹೊಸಾದು ಬಂತು. ಕಿಡಕಿ ಎಲ್ಲಾ ಒಮ್ಮೆ ಮುಚ್ಚಿದ್ಯೋ ಇಲ್ಲೋ?"

"ಎಲ್ಲಾ ಮುಚ್ಚೀನಿ ತಂಗಿ."

ರಾಜಬೀ ತಲೆಯೆತ್ತಿದಳು. ಒಲೆಯ ಮೇಲಿನ ಬೆಳಕಿಂಡಿ ಬಾಯಿ ತೆರೆದುಕೊಂಡಿತ್ತು.

"ಒಂದ ಕಿಂಡಿ ತೆರೆದಿದ್ರೂ ಹಳೇದು ಜಾಗ ಬಿಡಂಗಿಲ್ಲ. ಪಾಪ, ಹೊಸಾದು ನಾಕ ದಿನದಿಂದ ಹೊರಗ ನಿಂತೇತಿ. ಇದು ಮತ್ತ ಆಸ್ಪತ್ರಿಗೆ ಹೋಗದನ ನಿನಗ ಸೋಮವಾರದ ತಂಗಳ ಸುದ್ದಿ ಉಣಸಾಕತ್ತೇತಿ."

ನೀಲವ್ವ ಹಗ್ಗ ಎಳೆದು ಕಿಂಡಿ ಮುಚ್ಚಿದಳು. ಮಾಡದಲ್ಲಿದ್ದ ಹಳೆಯದನ್ನೆಲ್ಲ ಯಾರೋ ಗುಡಿಸಿದಂತೆ ಸದ್ದಾಯಿತು. ಹೊಸ ಆಳು ಆಸ್ಪತ್ರೆಗೆ ಹೋಗಿ ಬಂದು, ಗಂಡನ ದನಿಯಲ್ಲೇ ಒಪ್ಪಿಸಿತು:

"ನಾ ಎದ್ದು ಕುಂತು ಮೂರ ದಿನ ಆತು. ಬರೇ ಗಂಜಿ ಕುಡಸ್ತಾರ. ಗೇಟಿನ ತನಕ ಎರಡ ರೊಟ್ಟಿ ಕಳಸಾಕ ಆಗಂಗಿಲ್ಲೇನ ನಿನಗ?"

ನೀಲವ್ವ ಗೋಡೆಗೊರಗಿ ಕುಳಿತು, ಅಳುತ್ತಲೇ ನಕ್ಕಳು.

"ಮಾಡದಾಗ ಇಟ್ಟೇನ್ರಿ. ಇನ್ನೊಮ್ಮೆ ಕೇಳಸ್ಲ್ಯಾ?" ಎಂದಿತು ಹೊಸ ಆಳು.

"ಇಟ್ಟದ್ದು ಬ್ಯಾಡಪ್ಪ, ಮತ್ತ ಹೋಗಿ ಬಾ. ಅವರ ಬೈಗಳ ನನಗ ಬಿಸಿಬಿಸೀದ ಬೇಕು," ಎನ್ನುತ್ತ ಅವಳು ಜೋಳದ ಹಿಟ್ಟಿನ ಡಬ್ಬಿಗೆ ಕೈ ಹಾಕಿದಳು.