ನೆಟ್ಟಗೆ

ಮೋಡದೊಳಗೆ ಹಾರಿಸುವ ತರಬೇತಿಗೆ ಧಣಿ ಹೋಗಲೇ ಇಲ್ಲ. ಸ್ವಂತ ವಿಮಾನವಿದ್ದವನಿಗೆ ಪಾಠವೇಕೆ? ಮೆಕ್ಯಾನಿಕ್‌ನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಎದುರಾದ ಮೋಡಕ್ಕೆ ನುಗ್ಗಿಯೇಬಿಟ್ಟ. ಕಿಟಕಿಗಳೆಲ್ಲ ಬೆಳ್ಳಗಾದವು.

“ಸರ್, ವಿಮಾನ ಬಲಕ್ಕೆ ವಾಲ್ತಿದೆ ಅಂತ ಮೀಟರ್ ತೋರಿಸ್ತಿದೆ.”

“ಮೀಟರ್ ಕೆಟ್ಟಿದೆ. ರಿಪೇರಿ ಮಾಡಿದ್ದು ನೀನಲ್ವಾ, ಇನ್ನೇನಾಗುತ್ತೆ!”

“ಇನ್ನೂ ವಾಲ್ತಿದೆ ಸರ್. ದಯವಿಟ್ಟು ಅದನ್ನೇ ನಂಬಿ.”

“ಮೂವತ್ತು ವರ್ಷದಿಂದ ಕಾರು ಓಡಿಸ್ತಿದೀನಿ ಕಣೋ. ನೆಟ್ಟಗೆ ಹೋಗ್ತಿದೀನೋ ಇಲ್ವೋ ನನಗೆ ಗೊತ್ತಾಗಲ್ವಾ? ಸ್ಪ್ಯಾನರ್ ಹಿಡಿಯೋನು ನನಗೆ ಹೇಳ್ಕೊಡ್ತಾನೆ! ಇಳಿದ ಮೇಲೆ ನಿನಗೆ ಕೆಲಸ ಇಲ್ಲ.”

ಮೆಕ್ಯಾನಿಕ್ ಕಣ್ಣು ಮುಚ್ಚಿಕೊಂಡ.

ವಿಮಾನ ಮೋಡದಿಂದ ಹೊರಬಿತ್ತು. ನೆಲ ಹುಡುಕುತ್ತ ಧಣಿ ಕೆಳಗೆ ಬಗ್ಗಿ ನೋಡಿದ. ಅಲ್ಲಿ ಮೋಡವೇ ಇತ್ತು. ತಲೆಯೆತ್ತಿದ.

ನೆತ್ತಿಯ ಮೇಲೆ, ತೀರ ಹತ್ತಿರದಲ್ಲಿ, ಎಮ್ಮೆಗಳು ಮೇಯುತ್ತಿದ್ದವು.