ಎರಡೇ ಬಣ್ಣ

ಪರದೆಯ ಮೇಲೆ ನಾಳಕ್ಕೆ ಹಸಿರು ಬಂತು. ಹಸಿರು ಬಂದರೆ ಕತ್ತರಿಸಬಹುದು, ಕೆಂಪು ಬಂದರೆ ಮುಟ್ಟಬಾರದು. ಪಿತ್ತಕೋಶ ತೆಗೆಯಲೆಂದು ದರ್ಜಿಯೊಬ್ಬನ ಹೊಟ್ಟೆಯೊಳಗೆ ಇಳಿಬಿಟ್ಟ ಕ್ಯಾಮೆರಾ ಹಿಡಿದು ನಿಂತಿದ್ದ ಕಿರಿಯ ಡಾಕ್ಟರ್ ಹುಡುಗಿ ಮಾತ್ರ ಆ ಹಸಿರನ್ನು ನಂಬಲಿಲ್ಲ.

"ಸರ್, ಒಂದ್ನಿಮಿಷ," ಎಂದಳು.

ದೊಡ್ಡ ಡಾಕ್ಟರು ಆಗಲೇ ನಾಳ ಬಿಗಿಯುವ ಕ್ಲಿಪ್ಪು ಒಳಗಿಳಿಸಿದ್ದರು. "ಏನಮ್ಮಾ? ನಿನ್ನ ಶಿಷ್ಯ ಹಸಿರು ಬಾವುಟ ತೋರಿಸ್ತಿದ್ದಾನೆ, ಗುರುಗಳೇ ಅಡ್ಡ ಬಂದ್ರೆ ಹೇಗೆ?" ನರ್ಸು ಮಾಸ್ಕಿನೊಳಗೇ ಕಿಸಕ್ಕೆಂದಳು.

ಶಿಷ್ಯ ಎಂದರೆ ಆ ಕಂಪ್ಯೂಟರು. ಕ್ಯಾಮೆರಾ ಕಂಡದ್ದಕ್ಕೆ ಬಣ್ಣ ಹಚ್ಚುವುದನ್ನು ಅದಕ್ಕೆ ಕಲಿಸಿದವಳು ಇವಳೇ. ಹಳೆಯ ಆಪರೇಷನ್ನುಗಳ ನಾಲ್ಕು ಸಾವಿರ ಚಿತ್ರಗಳನ್ನು ಮುಂದಿಟ್ಟುಕೊಂಡು, ಎರಡು ಡ್ಯೂಟಿಗಳ ನಡುವೆ ಬ್ರೆಡ್ಡು ಕಚ್ಚುತ್ತ, ಒಂದೊಂದಕ್ಕೂ ಬಣ್ಣ ಬಳಿದಿದ್ದಳು. ಹೆಚ್ಚಿನವು ಸಲೀಸು. ಆದರೆ ಬಾವು ಬಂದು, ಕೊಬ್ಬು ಮುಚ್ಚಿಕೊಂಡು, ಯಾವುದು ಕತ್ತರಿಸುವ ಸಣ್ಣ ನಾಳ, ಯಾವುದು ಮುಟ್ಟಬಾರದ ದೊಡ್ಡ ನಾಳ, ದೇವರೇ ಬಲ್ಲ ಎನ್ನುವಂಥವೂ ಇದ್ದವು. ಅವನ್ನು ಖಾಲಿ ಬಿಟ್ಟರೆ ಕಂಪ್ಯೂಟರು ಮುಂದಿನ ಚಿತ್ರ ಕೊಡುತ್ತಿರಲಿಲ್ಲ. ಇದ್ದದ್ದೇ ಎರಡು ಬಣ್ಣ. ಕೆಂಪು ಹೆಚ್ಚಾದರೆ ದೊಡ್ಡ ಡಾಕ್ಟರು ಗೊಣಗುತ್ತಿದ್ದರು. ಹೀಗಾಗಿ ತನಗೆ ಗೊತ್ತಾಗದ್ದಕ್ಕೆಲ್ಲ ಹಸಿರು ಬಳಿದು ಕೈತೊಳೆದುಕೊಂಡಿದ್ದಳು. ಮುನ್ನೂರಕ್ಕೆ ಕಡಿಮೆಯಿರಲಿಲ್ಲ. ಯಾರ ಮುಂದೆಯೂ ಬಾಯಿಬಿಟ್ಟಿರಲಿಲ್ಲ.

ಈಗ ಪರದೆಯಲ್ಲಿದ್ದದ್ದು ಅಂಥದ್ದೇ ಬಾವು, ಅಂಥದ್ದೇ ಕೊಬ್ಬು. ದೊಡ್ಡ ನಾಳಕ್ಕೆ ಕತ್ತರಿ ಬಿದ್ದರೆ ಮನುಷ್ಯನ ಜೀವಕ್ಕೇ ಅಪಾಯ, ಉಳಿದರೂ ವರ್ಷಗಟ್ಟಲೆ ನರಳಬೇಕಾಗಬಹುದು. ಬೆಳಗ್ಗೆ ಸೂಜಿ ಚುಚ್ಚುವ ಮೊದಲು ದರ್ಜಿ ನಗುತ್ತ ಹೇಳಿದ್ದ: "ನಾನೂ ಕತ್ತರಿ ಹಿಡಿಯೋನೇ ಡಾಕ್ಟ್ರೇ. ಗುರುತು ಹಾಕ್ದೆ ಬಟ್ಟೆ ಮುಟ್ಟಿದೋನಲ್ಲ. ನೀವೂ ಗುರುತು ಹಾಕ್ಕೊಂಡೇ ಕತ್ತರಿಸ್ತೀರಂತೆ, ಇನ್ನೇನು ಭಯ?"

"ತುಂಬ ಬಾವಿದೆ ಸರ್. ಹಸಿರನ್ನ ನಂಬೋದು ಬೇಡ ಅನ್ಸುತ್ತೆ."

"ಅಂದ್ರೆ ಇದು ದೊಡ್ಡ ನಾಳ ಅಂತೀಯಾ?"

"ಹಾಗಲ್ಲ..."

"ಮತ್ತೆ, ಸಣ್ಣದು ಅಂತೀಯಾ?"

"ಗೊತ್ತಿಲ್ಲ ಸರ್."

"ನಿಂಗೆ ಗೊತ್ತಿಲ್ಲ, ಅದಕ್ಕೆ ಗೊತ್ತು. ನಾನು ಯಾರ ಮಾತು ಕೇಳ್ಲಿ?"

ಅದಕ್ಕೂ ಗೊತ್ತಿಲ್ಲ ಸರ್, ಅದಕ್ಕೆ ಹಾಗೆ ಕಲಿಸಿದವಳೇ ನಾನು ಎನ್ನಬೇಕಿತ್ತು. ಹೇಳಿದರೆ ನಾಲ್ಕು ಸಾವಿರ ಚಿತ್ರಗಳ ಜೊತೆಗೆ, ಅವುಗಳಿಂದಲೇ ಸಿಕ್ಕಿದ ಖಾಯಂ ಕೆಲಸವೂ ಮಣ್ಣುಪಾಲಾಗುತ್ತಿತ್ತು. ಅವಳಿಗೆ ಹೆದರಿಕೆಯಾಯಿತು, ಹೆದರಿಕೆಗಿಂತ ಹೆಚ್ಚಾಗಿ ನಾಚಿಕೆಯಾಯಿತು. ಮಾಸ್ಕಿನೊಳಗೆ ತುಟಿ ಅಲುಗಿದ್ದು ಯಾರಿಗೂ ಕಾಣಲಿಲ್ಲ. ಮೂರು ಕ್ಲಿಪ್ಪುಗಳು ಕೂತವು. ಕತ್ತರಿ ಒಮ್ಮೆ ಆಡಿತು.

ಸ್ವಲ್ಪ ಹೊತ್ತಿಗೆ ಬಾವಿನ ಹಿಂದಿನಿಂದ ಇನ್ನೊಂದು ನಾಳ ಇಣುಕಿತು. ತೆಳ್ಳಗಿತ್ತು. ಕತ್ತರಿಸಬೇಕಾಗಿದ್ದದ್ದು ಅದನ್ನು. ಪಕ್ಕದಲ್ಲಿ, ಆಗಲೇ ಕತ್ತರಿ ಬಿದ್ದಿದ್ದ ದೊಡ್ಡ ನಾಳದಿಂದ ಹಳದಿ ಪಿತ್ತ ಒಸರತೊಡಗಿತು. ಶಿಷ್ಯ ಆ ಪಿತ್ತದ ಮೇಲೂ ತಣ್ಣಗೆ ಹಸಿರು ಬಳಿದುಕೊಂಡೇ ಇದ್ದ. ದೊಡ್ಡ ಡಾಕ್ಟರು ಯಾರನ್ನೂ ಬೈಯಲಿಲ್ಲ. "ಹೊಟ್ಟೆ ತೆರೀಬೇಕು," ಎಂದರು, ಅಷ್ಟೇ.

ಆಪರೇಷನ್ನು ಶುರುವಾಗಿ ಐದು ಗಂಟೆ ಕಳೆದ ಮೇಲೆ, ಮನೆಯವರಿಗೆ ವಿಷಯ ತಿಳಿಸಲು ಅವಳನ್ನೇ ಹೊರಗೆ ಕಳಿಸಿದರು. ಕಾರಿಡಾರಿನ ಬೆಂಚಿನ ತುದಿಯಲ್ಲಿ ದರ್ಜಿಯ ಹೆಂಡತಿ ಗಂಡನ ಚಪ್ಪಲಿಯಿದ್ದ ಚೀಲವನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು.

"ಒಂದ್ಗಂಟೆ ಕೆಲ್ಸ ಅಂದಿದ್ರಿ."

"ಒಳಗೆ ಒಂದು ನಾಳಕ್ಕೆ ಪೆಟ್ಟಾಯ್ತಮ್ಮ. ಹೊಲಿಗೆ ಹಾಕಿದ್ದೀವಿ."

"ಆ ಹೊಲಿಗೆ ನಿಲ್ಲುತ್ತಾ?" ಹೊಲಿಗೆಯವನ ಹೆಂಡತಿ, ಅವಳಿಗೆ ಬೇರೇನು ಕೇಳಲು ಬರುತ್ತದೆ? "ನಂಗೆ ಒಳಗಿನದ್ದೆಲ್ಲ ಅರ್ಥ ಆಗಲ್ಲ. ಸರಿಹೋಗ್ತಾರಾ, ಇಲ್ವಾ? ಎರಡರಲ್ಲಿ ಒಂದು ಹೇಳ್ಬಿಡಿ."

ಆ ಹೊಲಿಗೆ ನಿಲ್ಲುತ್ತದೋ ಇಲ್ಲವೋ ಇವಳಿಗೆ ತಿಳಿದಿರಲಿಲ್ಲ. ಒಳಗಿದ್ದ ದೊಡ್ಡ ಡಾಕ್ಟರಿಗೂ ತಿಳಿದಿರಲಿಲ್ಲ. ಆ ಹೆಂಗಸು ಕಣ್ಣು ಮಿಟುಕಿಸದೆ ಇವಳ ಬಾಯನ್ನೇ ನೋಡುತ್ತಿದ್ದಳು.

"ಸರಿಹೋಗ್ತಾರೆ," ಎಂದಳು.

ದರ್ಜಿಯ ಹೆಂಡತಿ ಬೆಳಗಿನಿಂದ ಮೊದಲ ಬಾರಿ ಬೆಂಚಿಗೆ ಬೆನ್ನು ಆನಿಸಿ ಕೂತಳು. ಚೀಲದೊಳಗಿಂದ ಫೋನು ಹುಡುಕಿ ತೆಗೆದು ಮಗಳಿಗೆ ಹಚ್ಚಿದಳು.

"ಏನೂ ಭಯ ಇಲ್ವಂತೆ ಕಣೇ. ಒಳಗೆ ಕಣ್ಣಾರೆ ನೋಡಿದ ಡಾಕ್ಟ್ರೇ ಹೇಳಿದ್ರು. ಎಲ್ರಿಗೂ ಹೇಳ್ಬಿಡು."