ಪೀಪಾಯಿಯ ಅಂಚೆ

"ಎಸ್ಮೆರಾಲ್ದಾಸ್! ಎಸ್ಮೆರಾಲ್ದಾಸ್ ಕಡೆ ಹೋಗೋರು ಯಾರಾದ್ರೂ ಇದ್ದೀರಾ?" ಗೈಡ್ ವಿಲ್ಮರ್ ಕಾರ್ಡನ್ನು ಮೇಲೆತ್ತಿ ಕೂಗಿದ. ಎಕ್ವಡಾರ್ ದೇಶಕ್ಕೆ ಸೇರಿದ ಫ್ಲೋರಿಯಾನಾ ದ್ವೀಪದ ದಡದಲ್ಲಿ ಮರದ ಪೀಪಾಯಿಯ ಸುತ್ತ ನಿಂತಿದ್ದ ಹದಿನಾರು ಪ್ರವಾಸಿಗರಲ್ಲಿ ಯಾರೂ ಕೈ ಎತ್ತಲಿಲ್ಲ. ಜರ್ಮನಿ, ಕೆನಡಾದ ಕಾರ್ಡುಗಳು ಆಗಲೇ ಖಾಲಿಯಾಗಿದ್ದವು. ಈ ಪೀಪಾಯಿಯ ಅಂಚೆಗೆ ಸ್ಟಾಂಪು ಬೇಡ; ಬಂದವರು ತಮ್ಮದೊಂದು ಕಾರ್ಡು ಹಾಕಿ, ತಮ್ಮ ದಾರಿಯಲ್ಲಿ ಸಿಗುವ ವಿಳಾಸದ ಇನ್ನೊಂದನ್ನು ಒಯ್ದು ಕೈಯಾರೆ ಮುಟ್ಟಿಸಬೇಕು. ಬರುವವರು ಹೆಚ್ಚಾಗಿ ಹೊರದೇಶದವರು. ಹಾಗಾಗಿ ಎಕ್ವಡಾರ್‌ನ ಊರುಗಳ ಕಾರ್ಡುಗಳೇ ಎಕ್ವಡಾರ್‌ನಲ್ಲಿ ವರ್ಷಗಟ್ಟಲೆ ಬಿದ್ದಿರುತ್ತಿದ್ದವು.

"ಇತ್ತ ಕೊಡಪ್ಪ," ಎಂದ ಸೆಗುಂಡೊ.

ಹೆಂಡತಿ ಸೋಯ್ಲಾ ತಟ್ಟನೆ ಅವನತ್ತ ತಿರುಗಿದಳು. ತಮ್ಮೂರು ರಿಯೊಬಾಂಬಾದಲ್ಲಿ ನಲವತ್ತು ವರ್ಷ ಅಂಚೆ ಹಂಚಿ ನಿವೃತ್ತನಾದ ಮನುಷ್ಯ ಅವಳ ಗಂಡ. ಮಕ್ಕಳು ಸೇರಿ ಕಳಿಸಿದ ಈ ಪ್ರವಾಸದಲ್ಲಿ ಐದು ದಿನದಿಂದ ದೈತ್ಯ ಆಮೆ ತೋರಿಸಿದರೂ "ಹೂಂ", ಕಡಲಸಿಂಹ ತೋರಿಸಿದರೂ "ಹೂಂ". ನೀಲಿ ಕಾಲಿನ ಹಕ್ಕಿ ಕುಣಿದಾಗ ಚಪ್ಪಾಳೆ ತಟ್ಟಿದ್ದು ಅವಳೊಬ್ಬಳೇ. ಈಗ ಆ ಮುಖ ಮದುಮಗನ ಮುಖದ ಹಾಗೆ ಅರಳಿತ್ತು.

"ತುಲ್ಕಾನ್?"

"ಇತ್ತ ಕೊಡು."

"ಟೆನಾ?"

"ಅದೂ ಕೊಡು."

"ಯಜಮಾನ್ರೇ, ಒಂದು ಸಾಕು. ನಿಮ್ಮ ದಾರೀಲಿ ಸಿಗೋದು ಮಾತ್ರ," ಎಂದು ವಿಲ್ಮರ್ ನಕ್ಕ.

"ಕೈಗೆ ಬಂದ ಕಾಗದಾನ ವಾಪಸ್ ಪೆಟ್ಟಿಗೆಗೆ ಹಾಕೋ ಅಭ್ಯಾಸ ನಂಗಿಲ್ಲಪ್ಪ."

ಮೂರು ಊರಿಗೆ ಸೇರಿ ಆರು ಕಾರ್ಡುಗಳಾದವು. ಸೆಗುಂಡೊ ಮರಳಲ್ಲೇ ಕೂತು, ಬೆರಳು ನಾಲಿಗೆಗೆ ತಾಗಿಸಿಕೊಂಡು, ಅವನ್ನು ಊರಿನ ಕ್ರಮದಲ್ಲಿ ಜೋಡಿಸಿ ರಬ್ಬರ್ ಬ್ಯಾಂಡ್ ಹಾಕಿದ. "ನಾಳೆ ಗ್ವಾಯಾಕಿಲ್‌ನಲ್ಲಿ ವಿಮಾನ ಇಳಿದ ತಕ್ಷಣ ಎಸ್ಮೆರಾಲ್ದಾಸ್ ಬಸ್ಸು. ಅಲ್ಲಿಂದ ತುಲ್ಕಾನ್. ಆಮೇಲೆ ಟೆನಾ. ಸೋಮವಾರದ ಹೊತ್ತಿಗೆ ಮನೆ ಸೇರ್ತೀವಿ."

"ಮಾಚಾಲಾ?" ಎಂದಳು ಸೋಯ್ಲಾ.

"ನಿಮ್ಮಕ್ಕನ ಮನೆ ಎಲ್ಲಿ ಓಡಿಹೋಗತ್ತೆ? ಮುಂದಿನ ವರ್ಷ ಹೋದ್ರಾಯ್ತು."

ಈ ‘ಮುಂದಿನ ವರ್ಷ’ವನ್ನು ಸೋಯ್ಲಾ ಹನ್ನೊಂದು ವರ್ಷದಿಂದ ಕೇಳುತ್ತಿದ್ದಳು. ಕ್ರಿಸ್ಮಸ್ ಬಂದರೆ ಅಂಚೆಯ ರಾಶಿ, ಕ್ರಿಸ್ಮಸ್ ಹೋದರೆ ಉಳಿದದ್ದರ ರಾಶಿ. ಅಷ್ಟರಲ್ಲಿ ಅಕ್ಕ ಪಿಯೆದಾದ್‌ಳ ಒಂದು ಕಣ್ಣು ಹೋಗಿತ್ತು. ಇನ್ನೊಂದು ಈ ವರ್ಷ ದಾಟುವುದಿಲ್ಲವೆಂದು ಡಾಕ್ಟರು ಹೇಳಿಬಿಟ್ಟಿದ್ದರು. ಸೋಮವಾರ ಬೆಳಗಾದರೆ ಸೋಯ್ಲಾ ಊರ ಮಾರುಕಟ್ಟೆಯಲ್ಲಿ ತನ್ನ ಹುರಿದ ಹಂದಿಮಾಂಸದ ಅಂಗಡಿ ತೆರೆಯಬೇಕು. ಸೊಸೆ ಅದಕ್ಕಿಂತ ಒಂದು ದಿನವೂ ಹೆಚ್ಚು ನೋಡಿಕೊಳ್ಳುವುದಿಲ್ಲ. ಇರುವುದೇ ಈ ನಾಲ್ಕು ದಿನ.

"ರೀ, ಮುಂದಿನ ವರ್ಷ ನಾನು ಎದುರಿಗೆ ಹೋಗಿ ನಿಂತ್ರೂ ಅವಳಿಗೆ ಕಾಣಲ್ಲ."

"ಈ ಟೆನಾ ಕಾರ್ಡು ಆರು ವರ್ಷದಿಂದ ಇಲ್ಲೇ ಬಿದ್ದಿದೆ ಕಣೆ, ಪಾಪ."

ಅವನು ಅದನ್ನು ಕೆಟ್ಟ ಮನಸ್ಸಿನಿಂದ ಹೇಳಲಿಲ್ಲ. ಅದೇ ಅವಳ ಹೊಟ್ಟೆ ಉರಿಸಿದ್ದು. ಊರವರ ಕಾಗದಕ್ಕೆಲ್ಲ ಮರುಗುವ ಮನುಷ್ಯನ ಜೊತೆ ಜಗಳವಾಡುವುದಾದರೂ ಹೇಗೆ?

ಸೋಯ್ಲಾ ಎದ್ದು ಹೋಗಿ ವಿಲ್ಮರ್‌ನಿಂದ ಒಂದು ಖಾಲಿ ಕಾರ್ಡು, ಪೆನ್ನು ಇಸಿದುಕೊಂಡಳು. ಪೀಪಾಯಿಯ ಮೇಲಿಟ್ಟು ದಪ್ಪಕ್ಷರದಲ್ಲಿ ಅಕ್ಕನ ಹೆಸರು, ಮಾಚಾಲಾದ ಬೀದಿ, ಮನೆ ಸಂಖ್ಯೆ ಬರೆದಳು. ಮೂಲೆಯಲ್ಲಿ ‘ತುರ್ತು’ ಎಂದು ಬರೆದು ಕೆಳಗೆ ಎರಡು ಗೆರೆ ಎಳೆದಳು. ಪೀಪಾಯಿಯೊಳಗೆ ಹಾಕದೆ ತಂದು ಗಂಡನ ಮುಂದೆ ಹಿಡಿದಳು.

"ತಗೊಳ್ಳಿ. ಇದನ್ನೂ ಮುಟ್ಟಿಸಿ."

ಸೆಗುಂಡೊ ವಿಳಾಸ ಓದಿದ. ಎರಡು ಗೆರೆ ನೋಡಿದ. ರಬ್ಬರ್ ಬ್ಯಾಂಡ್ ಬಿಚ್ಚಿ, ಆ ಕಾರ್ಡನ್ನು ಎಸ್ಮೆರಾಲ್ದಾಸ್‌ಗಿಂತ ಮೇಲಿಟ್ಟ. ಆಮೇಲೆ, ನಲವತ್ತು ವರ್ಷದಲ್ಲಿ ಯಾರ ಕಾರ್ಡಿಗೂ ಮಾಡದ ಕೆಲಸ ಮಾಡಿದ: ತಿರುಗಿಸಿ ನೋಡಿದ.

"ಏನೂ ಬರೆದೇ ಇಲ್ವಲ್ಲೇ?"

"ಉಳಿದಿರೋ ಒಂದು ಕಣ್ಣಲ್ಲಿ ಅವಳು ಕಾಗದ ಯಾಕೆ ಓದ್ಬೇಕು?" ಎಂದಳು ಸೋಯ್ಲಾ. "ನನ್ನ ಮುಖ ನೋಡ್ಲಿ."